ವಿಷಯ: ಅಮ್ಮನ ಹವಳದ ಸರ

ಲಂಡನ್
ಭಾನುವಾರ ರಾತ್ರಿ

ತೀರ್ಥರೂಪರಾದ ಅಪ್ಪಯ್ಯನವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾವು ಇಲ್ಲಿ ಕ್ಷೇಮ. ಅಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವ ಹಾಗಿಲ್ಲ. ಬಸ್ಸಿನಲ್ಲಿ ಸರ ಕಳವಾದಂದಿನಿಂದ ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲವೆಂದು ತಂಗಿ ನಿನ್ನೆ ಹೇಳಿದಳು. ಫೋನಿನಲ್ಲಿ ಈ ವಿಷಯ ಎತ್ತಿದರೆ ಅಮ್ಮ ಅಳುತ್ತಾಳೆ, ನೀವು ರೇಗುತ್ತೀರಿ, ಹೇಳಬೇಕಾದದ್ದು ಹಾಗೆಯೇ ಉಳಿಯುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ. ಭಾವನಿಗೆ ಹೇಳಿ ಪ್ರಿಂಟ್ ತೆಗೆಸಿ ಇಟ್ಟುಕೊಳ್ಳಿ.

ಮೊದಲು ಅಮ್ಮನ ಮೇಲಿನ ಸಿಟ್ಟು ಬಿಡಿ. ಬಸ್ಸಿನಲ್ಲಿ ಚಿನ್ನ ಒಯ್ಯುವ ಅಗತ್ಯವೇನಿತ್ತು ಎಂದು ಈಗ ಕೇಳಿ ಏನು ಪ್ರಯೋಜನ? ಮದುವೆಗೆ ಹೋಗುವವರು ಹಾಕಿಕೊಂಡೇ ಹೋಗುತ್ತಾರೆ. ಮರಳುವಾಗ ಕತ್ತಲಾಗುತ್ತದೆಂದು ಸರ ಬಿಚ್ಚಿ ಡಬ್ಬಿಯಲ್ಲಿಟ್ಟಿದ್ದಾಳೆ, ಡಬ್ಬಿಯನ್ನು ಬ್ಯಾಗಿನ ತಳದಲ್ಲಿಟ್ಟಿದ್ದಾಳೆ, ಅದರ ಮೇಲೆ ರವಿಕೆ ಕಣ, ತೆಂಗಿನಕಾಯಿ, ತಾಂಬೂಲದ ಚೀಲ. ಇದಕ್ಕಿಂತ ಜಾಗ್ರತೆ ಇನ್ನೇನು ಮಾಡಬೇಕಿತ್ತು? ಕೊರಳಿನಲ್ಲಿದ್ದು ಬೈಕಿನವರು ಕಿತ್ತುಕೊಂಡು ಹೋಗಿದ್ದರೆ, ಬಿಚ್ಚಿ ಬ್ಯಾಗಿನಲ್ಲಿ ಇಡಬಾರದಿತ್ತೇ ಎಂದು ಕೇಳುತ್ತಿದ್ದವರೂ ನೀವೇ.

ತಂಗಿ ಕಳಿಸಿದ ಬ್ಯಾಗಿನ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ತಳದ ಹೊಲಿಗೆಯ ಪಕ್ಕದಲ್ಲಿ ನಾಲ್ಕು ಬೆರಳಗಲದ ಸೀಳು. ರೆಕ್ಸಿನ್ನಿನ ಅಂಚು ಎಲ್ಲಿಯೂ ಜಗ್ಗಿಲ್ಲ, ನೂಲು ಎದ್ದಿಲ್ಲ, ಒಳಗಿನ ಅಸ್ತರು ಕೂಡ ಅದೇ ಗೆರೆಯಲ್ಲಿ ಬಿಟ್ಟುಕೊಂಡಿದೆ. ಹಳತಾಗಿ ಹರಿದ ಬ್ಯಾಗು ಹೀಗಿರುವುದಿಲ್ಲ. ಇದು ಬ್ಲೇಡಿನ ಕೆಲಸ, ಕೈ ಪಳಗಿದವರ ಕೆಲಸ. ಈ ಬ್ಯಾಗನ್ನು ಠಾಣೆಯ ಮೇಜಿನ ಮೇಲಿಟ್ಟರೂ ಪೊಲೀಸರು, ‘ಎಲ್ಲೋ ಬಿದ್ದುಹೋಗಿರಬೇಕು, ಕಳೆದುಹೋಗಿದೆ ಎಂದು ಬರೆದುಕೊಡಿ, ಇವತ್ತೇ ಸ್ವೀಕೃತಿ ಕೊಡುತ್ತೇವೆ’ ಎಂದರಂತಲ್ಲ! ಕಾಯಿ ಬೀಳದೆ, ಅದರ ಅಡಿಯಲ್ಲಿದ್ದ ಡಬ್ಬಿ ಮಾತ್ರ ತಾನಾಗಿ ಬಿದ್ದಿತು ಎಂದು ಒಪ್ಪಿಕೊಳ್ಳಬೇಕಂತೆ.

ಅದಕ್ಕಿಂತ ಮುಂಚಿನ ಅಲೆದಾಟ ಬೇರೆ ಯಾರ ಮನೆಯದಾಗಿದ್ದರೂ ನಕ್ಕುಬಿಡುತ್ತಿದ್ದೆ. ಬಸ್ಸು ಹತ್ತಿದ್ದು ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ. ಸುರತ್ಕಲ್‌ವರೆಗೆ ನಿಂತು ಬಂದದ್ದು, ಕಾಪು ದಾಟುವಾಗ ಬ್ಯಾಗು ಹಗುರವಾಯಿತೆಂದು ಅನುಮಾನ ಬಂದು ನೋಡಿದ್ದು. ಮುಲ್ಕಿಯವರೆಗೆ ಮಂಗಳೂರು ಪೊಲೀಸ್ ಕಮಿಷನರರ ವ್ಯಾಪ್ತಿ. ಶಾಂಭವಿ ಹೊಳೆ ದಾಟಿ ಹೆಜಮಾಡಿಗೆ ಬಂದರೆ ಉಡುಪಿ ಎಸ್ಪಿಯವರ ವ್ಯಾಪ್ತಿ. ಹೊಳೆಯ ಈಚೆಗಿನ, ಉಡುಪಿ ಕಡೆಯ ಠಾಣೆಯವರು ‘ಬಸ್ಸು ಹತ್ತಿದ ಕಡೆ ಹೋಗಿ’ ಎಂದರು. ಆಚೆಗಿನವರು ‘ಗೊತ್ತಾದ ಕಡೆ ಹೋಗಿ’ ಎಂದರು. ಬ್ಲೇಡು ಹಾಕಿದವರು ಸೇತುವೆಗಿಂತ ಮೊದಲೋ ನಂತರವೋ ಎಂದು ಚೀಟಿ ಬರೆದಿಟ್ಟು ಹೋಗಬೇಕಿತ್ತೇನೋ! ಅಲ್ಲಿದ್ದ ಮಹಿಳಾ ಕಾನ್‌ಸ್ಟೆಬಲ್ ಒಬ್ಬರು ಅಮ್ಮನನ್ನು ಕೂರಿಸಿ ನೀರು ಕೊಟ್ಟರಂತೆ. ಅವರಿಗೆ ಒಳ್ಳೆಯದಾಗಲಿ.

ನನ್ನ ಜೊತೆ ಓದಿದವಳೊಬ್ಬಳು ಈಗ ಮಂಗಳೂರಿನಲ್ಲಿ ವಕೀಲೆ. ನಿನ್ನೆ ಅವಳ ಹತ್ತಿರ ಬಹಳ ಹೊತ್ತು ಮಾತನಾಡಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ಸ್ಪಷ್ಟವಾಗಿದೆ: ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ, ಎಲ್ಲಿಯೇ ನಡೆದಿರಲಿ, ಮಾಹಿತಿಯನ್ನು ಯಾವ ಠಾಣೆಯಲ್ಲಿಯೂ ಕೊಡಬಹುದು. ಜನ ಅದನ್ನು ಜೀರೋ ಎಫ್‌ಐಆರ್ ಎನ್ನುತ್ತಾರೆ. ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸುವುದು ಅವರ ಕೆಲಸ. ಹೊಳೆ ದಾಟಿ ಅಲೆಯುವುದು ಅಮ್ಮನ ಕೆಲಸವಲ್ಲ. ಇಮೇಲಿನಲ್ಲಿಯೂ ಕಳಿಸಬಹುದು, ಆದರೆ ಮೂರು ದಿನಗಳೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆಯಾಗಿ ಕೊಡಲೇಬೇಕು. ಸಂಜ್ಞೇಯ ಅಪರಾಧವೆಂದು ಕಂಡರೆ ಎಫ್‌ಐಆರ್ ಮಾಡುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲಿಯೇ ಹೇಳಿದೆ.

‘ಸ್ವೀಕೃತಿ ಸಿಗುತ್ತದಲ್ಲ, ಯಾವ ಕಾಗದವಾದರೇನು’ ಎಂದು ಭಾವ ಹೇಳಿದರಂತೆ. ಇಡೀ ವಿಷಯ ಇರುವುದೇ ಅಲ್ಲಿ ಅಪ್ಪಯ್ಯ. ರಾಜ್ಯ ಪೊಲೀಸರ ಇ-ಲಾಸ್ಟ್ ಸೇವೆಯಲ್ಲಿ ಕಳೆದುಹೋದ ವಸ್ತುವಿನ ವಿವರ ತುಂಬಿದರೆ ಸ್ವೀಕೃತಿ ಬರುತ್ತದೆ. ಅಂಕಪಟ್ಟಿಯ ನಕಲಿಗೋ ಹೊಸ ಸಿಮ್ಮಿಗೋ ಅದು ಸಾಕು. ಆದರೆ ಆ ಕಾಗದದ ಮೇಲೆ ಯಾರೂ ಕಳ್ಳನನ್ನು ಹುಡುಕುವುದಿಲ್ಲ, ಏಕೆಂದರೆ ಅದರ ಪ್ರಕಾರ ಕಳ್ಳನೇ ಇಲ್ಲ. ಬಸ್ಸುಗಳಲ್ಲಿ ಬ್ಲೇಡು ಹಾಕುವವರು ಒಂದು ಸರಕ್ಕೆ ನಿಲ್ಲುವವರಲ್ಲ. ಇವತ್ತಲ್ಲ ನಾಳೆ ಎಲ್ಲೋ ಸಿಕ್ಕಿಬೀಳುತ್ತಾರೆ. ಆಗ ವಶಪಡಿಸಿಕೊಂಡ ಚಿನ್ನವನ್ನು ದಾಖಲಾದ ಪ್ರಕರಣಗಳೊಂದಿಗೆ ತಾಳೆ ನೋಡುತ್ತಾರೆ, ಪ್ರಕರಣವಿದ್ದವರಿಗೆ ಕರೆ ಹೋಗುತ್ತದೆ. ಪತ್ರಿಕೆಯಲ್ಲಿ ‘ಪ್ರಾಪರ್ಟಿ ರಿಟರ್ನ್ ಪರೇಡ್’ ಎಂದು ಫೋಟೋ ಬರುತ್ತದಲ್ಲ, ಹೆಂಗಸರು ಸರ ಹಿಡಿದು ನಿಂತಿರುತ್ತಾರಲ್ಲ, ಅವರೆಲ್ಲ ಎಫ್‌ಐಆರ್ ಮಾಡಿಸಿದವರು. ಅಮ್ಮನ ಹೆಸರು ಕಳವಿನ ಪಟ್ಟಿಯಲ್ಲೇ ಇಲ್ಲದಿದ್ದರೆ ಸರ ಸಿಕ್ಕಿದರೂ ಯಾರನ್ನು ಕರೆಯುತ್ತಾರೆ?

ಅವರು ಬರೆದುಕೊಳ್ಳಲು ಹಿಂದೆ ಮುಂದೆ ನೋಡುವುದು ಏಕೆಂದು ನನಗೆ ಅರ್ಥವಾಗದೆ ಇಲ್ಲ. ಪ್ರಕರಣ ದಾಖಲಾದರೆ ತನಿಖೆ ಮಾಡಬೇಕು, ಪತ್ತೆಯಾಗದಿದ್ದರೆ ನ್ಯಾಯಾಲಯಕ್ಕೆ ‘ಸಿ’ ವರದಿ ಹಾಕಬೇಕು, ಪತ್ತೆಯಾಗದ ಪ್ರಕರಣಗಳ ಬಗ್ಗೆ ಮೇಲಿನವರಿಗೆ ಉತ್ತರ ಹೇಳಬೇಕು. ಇದರ ನಡುವೆ ಇವತ್ತು ರಥಬೀದಿಯಲ್ಲಿ ಬಂದೋಬಸ್ತು, ನಾಳೆ ಮಂತ್ರಿಗಳ ಬಂದೋಬಸ್ತು. ಕಷ್ಟವಿದೆ, ಒಪ್ಪುತ್ತೇನೆ. ಆದರೆ ಅಂಕಿ ಚೆನ್ನಾಗಿ ಕಾಣಲೆಂದು ನಮ್ಮ ಮನೆಯ ಕಳವನ್ನು ನಾವೇ ಇಲ್ಲವೆಂದು ಬರೆದುಕೊಡಬೇಕೇ?

‘ನಿಮ್ಮ ಲಂಡನ್ನಿನಲ್ಲಿ ಹೀಗೆಲ್ಲ ಇರುವುದಿಲ್ಲ ಬಿಡು’ ಎಂದಿರಿ. ಕಳೆದ ಚಳಿಗಾಲದಲ್ಲಿ ನನ್ನ ಫೋನು ಹೋದದ್ದು ನಿಮಗೆ ಗೊತ್ತು, ಪೊಲೀಸರ ಭಾಗ ಹೇಳಿರಲಿಲ್ಲ. ರೈಲು ನಿಲ್ದಾಣದ ಹೊರಗೆ ದಾರಿ ನೋಡುತ್ತ ನಿಂತಿದ್ದೆ. ಎಲೆಕ್ಟ್ರಿಕ್ ಸೈಕಲ್ಲಿನಲ್ಲಿ ಬಂದವನು ಕಾಲುದಾರಿಗೇ ಹತ್ತಿಸಿ, ಕೈಯಿಂದ ಎತ್ತಿಕೊಂಡು ಹೋದ. ಮುಖ ಮುಚ್ಚಿದ ಕಪ್ಪು ಬಟ್ಟೆ ಬಿಟ್ಟರೆ ಏನೂ ಕಾಣಲಿಲ್ಲ. ತುರ್ತಲ್ಲದ ದೂರಿಗೆ ಇಲ್ಲಿ 101 ಎಂಬ ಸಂಖ್ಯೆ ಇದೆ, ಆನ್‌ಲೈನ್ ಅರ್ಜಿಯೂ ಇದೆ. ತುಂಬಿದೆ, ಅಪರಾಧ ಸಂಖ್ಯೆಯೂ ಬಂತು. ಮರುದಿನವೇ ಇನ್ನೊಂದು ಇಮೇಲ್: ತನಿಖೆಗೆ ಯಾವ ಸುಳಿವೂ ಇಲ್ಲದ ಕಾರಣ ಪ್ರಕರಣ ಮುಗಿಸಲಾಗಿದೆ, ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ಸುಳಿವು ಇಲ್ಲವಂತೆ! ಫೋನು ಯಾವ ಕಟ್ಟಡದಲ್ಲಿದೆಯೆಂದು ನನ್ನ ಲ್ಯಾಪ್‌ಟಾಪ್ ತೋರಿಸುತ್ತಿತ್ತು, ವಿಳಾಸವನ್ನೇ ಕಳಿಸಿದ್ದೆ. ಯಾರೂ ಹೋಗಲಿಲ್ಲ. ಕೆಲವು ವಾರಗಳ ಮೇಲೆ ಆ ಚುಕ್ಕಿ ಚೀನಾದ ಶೆಂಜೆನ್‌ನಲ್ಲಿ ಕಾಣಿಸಿತು. ಇಲ್ಲಿ ಕದ್ದ ಫೋನುಗಳು ಹೋಗಿ ಸೇರುವ ಊರು ಅದು, ಎಲ್ಲರಿಗೂ ಗೊತ್ತು.

ಅಂದರೆ ಇಲ್ಲಿನ ಪೊಲೀಸರೇನು ದೇವಲೋಕದಿಂದ ಇಳಿದು ಬಂದವರಲ್ಲ. ಅಮ್ಮನಿಗೆ ನೀರು ಕೊಟ್ಟಂತೆ ನನಗೆ ನೀರು ಕೊಡುವವರೂ ಇರಲಿಲ್ಲ, ಮನುಷ್ಯರ ಮುಖವನ್ನೇ ನೋಡಲಿಲ್ಲ. ಆದರೆ ಕಳವು ಎಂದು ಬರೆದುಕೊಳ್ಳಲು ಯಾರೂ ಚೌಕಾಸಿ ಮಾಡಲಿಲ್ಲ. ಆ ಸಂಖ್ಯೆಯ ಬಲದಿಂದ ವಿಮೆಯ ಹಣ ಬಂತು. ನೀವು ಸೋಮವಾರ ಅಷ್ಟನ್ನು ಮಾಡಿಸಿಕೊಂಡು ಬಂದರೆ ಸಾಕು.

ದೂರು ಅಮ್ಮನ ಹೆಸರಿನಲ್ಲಿಯೇ ಇರಲಿ, ನೋಡಿದವಳು ಅವಳು. ಬ್ಯಾಗಿಗೆ ಬ್ಲೇಡು ಹಾಕಿ ಕಳವು ಮಾಡಿದ್ದಾರೆ ಎಂದೇ ಬರೆಯಿರಿ, ಬಸ್ಸಿನ ಹೆಸರು ಮತ್ತು ಹೊರಟ ಸಮಯ ಹಾಕಿ. ಮೂರು ಪವನ್, 24 ಗ್ರಾಂ ಎಂದು ತೂಕ ಬರೆದು ಇವತ್ತಿನ ದರದಲ್ಲಿ ಮೌಲ್ಯವನ್ನೂ ಕಾಣಿಸಿ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಕಳವು ಹೊಸ ಕಾನೂನಿನಲ್ಲಿ ಅಸಂಜ್ಞೇಯ, ಆ ನೆಪ ಸಿಗಬಾರದು. ಸರದ ಗುರುತು ಬಹಳ ಮುಖ್ಯ. ಕೊಂಡಿಯಿಂದ ಎಡಕ್ಕೆ ಮೂರನೆಯ ಹವಳ ಉಳಿದವುಗಳಿಗಿಂತ ತಿಳಿ ಬಣ್ಣದ್ದು, ಅಜ್ಜಿಯ ಕಾಲದಲ್ಲಿ ಒಂದು ಒಡೆದು ಬೇರೆ ಪೋಣಿಸಿದ್ದು. ತಂಗಿಯ ಮದುವೆಯ ಆಲ್ಬಮ್ಮಿನಲ್ಲಿ ಅಮ್ಮ ಧಾರೆಗೆ ನಿಂತ ಫೋಟೋದಲ್ಲಿ ಅದು ಚೆನ್ನಾಗಿ ಕಾಣುತ್ತದೆ, ಪ್ರತಿ ಮಾಡಿಸಿ ಲಗತ್ತಿಸಿ. ಬಸ್ಸಿನ ಟಿಕೆಟ್ಟಿನ ಅಕ್ಷರ ಬೇಗ ಅಳಿಸಿಹೋಗುತ್ತದೆ, ಇವತ್ತೇ ಫೋಟೋ ತೆಗೆದಿಡಿ. ಬಸ್ಸಿನಲ್ಲಿ ಕ್ಯಾಮೆರಾ ಇದ್ದರೆ ಆ ದಿನದ ದೃಶ್ಯ ಅಳಿಸಬಾರದೆಂದು ಮಾಲೀಕರಿಗೆ ಭಾವ ಒಂದು ಪತ್ರ ಕೊಡಲಿ, ಅದರ ಪ್ರತಿ ದೂರಿನ ಜೊತೆಗಿರಲಿ.

‘ಮೊದಲು ವಿಚಾರಣೆ ಮಾಡುತ್ತೇವೆ’ ಎನ್ನಬಹುದು. ಕಳವಿನಂತಹ ಅಪರಾಧದಲ್ಲಿ ಡಿವೈಎಸ್ಪಿಯವರ ಅನುಮತಿ ಪಡೆದು ಪ್ರಾಥಮಿಕ ವಿಚಾರಣೆಗೆ ಅವಕಾಶವಿದೆ, ಆದರೆ 14 ದಿನಗಳೊಳಗೆ ಮುಗಿಸಬೇಕು. ಅನುಮತಿ ಯಾವತ್ತು ಸಿಕ್ಕಿತು ಎಂದು ಕೇಳಿ, ಮೆಲ್ಲಗೆ ಕೇಳಿ. ಬರೆದುಕೊಳ್ಳುವುದೇ ಇಲ್ಲವೆಂದರೆ ಜಗಳ ಬೇಡ, ಕಾರಣ ಬರೆದ ಹಿಂಬರಹ ಕೇಳಿ ಎದ್ದು ಬನ್ನಿ. ಅದೇ ದೂರನ್ನು ಸ್ಪೀಡ್ ಪೋಸ್ಟಿನಲ್ಲಿ ಎಸ್ಪಿಯವರಿಗೆ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಲು ದಾರಿಯಿದೆ, ಆ ಕೆಲಸ ನನ್ನ ಗೆಳತಿ ನೋಡಿಕೊಳ್ಳುತ್ತಾಳೆ. ದಾಖಲಾದ ಮೇಲೆ ತನಿಖೆ ಎಲ್ಲಿಗೆ ಬಂತೆಂದು 90 ದಿನಗಳೊಳಗೆ ಅವರೇ ತಿಳಿಸಬೇಕು. ತಿಳಿಸುತ್ತಾರೆಂದು ಕಾಯಬೇಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೀವೇ ಕೇಳಿ.

ಅಮ್ಮ ಕೊರಗಜ್ಜ ದೈವಕ್ಕೆ ಚಕ್ಕುಲಿ, ವೀಳ್ಯದೆಲೆ ಹರಕೆ ಹೇಳಿಕೊಂಡದ್ದಕ್ಕೆ ನೀವು ನಕ್ಕಿರಂತೆ. ನಗಬೇಡಿ. ಕಳೆದ ವಸ್ತುವಿಗೆ ನಮ್ಮ ಕಡೆಯವರೆಲ್ಲ ಹೋಗುವುದು ಅಲ್ಲಿಗೇ. ಮಂಗಳೂರಿನಲ್ಲಿ ಎಷ್ಟೋ ಮಂದಿ ಸಂತ ಅಂತೋನಿಯವರಿಗೂ ಮೇಣದ ಬತ್ತಿ ಹಚ್ಚಿ ಬರುತ್ತಾರೆ. ಸರಹದ್ದು ಯಾವುದು ಎಂದು ಅಜ್ಜ ಕೇಳಿದ್ದನ್ನು ನಾನಂತೂ ಕೇಳಿಲ್ಲ. ಅಂಜನ ಹಾಕಿಸುವ ಸಲಹೆ ಕೊಟ್ಟ ಪಕ್ಕದ ಮನೆಯವರಿಗೆ ಮಾತ್ರ ನಯವಾಗಿ ಬೇಡವೆನ್ನಿ. ಅಂಜನದಲ್ಲಿ ಕಂಡವರೆಂದು ಯಾರ್ಯಾರದೋ ಹೆಸರು ಹೊರಬಿದ್ದು ಹೊಸ ಜಗಳ ಹುಟ್ಟುವುದು ಬೇಡ.

ಅಮ್ಮಾ, ನಿನಗೊಂದು ಮಾತು. ಬ್ಯಾಗನ್ನು ಚಮ್ಮಾರರ ಹತ್ತಿರ ಹೊಲಿಸಬೇಕೆಂದು ತೆಗೆದಿಟ್ಟಿದ್ದೀಯಂತೆ. ಖಂಡಿತ ಹೊಲಿಸಬೇಡ, ತೊಳೆಯಲೂ ಬೇಡ. ಈಗ ನಮ್ಮ ಕೈಯಲ್ಲಿರುವ ಸಾಕ್ಷಿ ಅದೊಂದೇ. ಹಳೆಯ ದಿಂಬಿನ ಹೊದಿಕೆಯೊಳಗೆ ಹಾಕಿ ಕಪಾಟಿನಲ್ಲಿಡು. ಪೊಲೀಸರು ವಶಕ್ಕೆ ಪಡೆದರೆ ಅಪ್ಪಯ್ಯ ರಸೀದಿ ಪಡೆಯಲಿ. ಹೊಸ ಬ್ಯಾಗಿಗೆ ತಂಗಿಯ ಹತ್ತಿರ ಹಣ ಕಳಿಸಿದ್ದೇನೆ, ಬೇಡವೆನ್ನಬೇಡ.

ಅಪ್ಪಯ್ಯ, ಸೋಮವಾರ ಬೆಳಿಗ್ಗೆ ಭಾವನ ಜೊತೆಯಲ್ಲಿ ಹೋಗಿ, ರಕ್ತದೊತ್ತಡದ ಮಾತ್ರೆ ತೆಗೆದುಕೊಂಡು ಹೋಗಿ. ಎಫ್‌ಐಆರ್ ಪ್ರತಿ ಕೈಗೆ ಬಂದ ಕೂಡಲೇ ಫೋಟೋ ಕಳಿಸಿ, ಭಾರತೀಯ ನ್ಯಾಯ ಸಂಹಿತೆಯ ಕಳವಿನ ಕಲಮು 303 ಎಂದು ಇದೆಯೇ ನೋಡಿ.

ಇಂತು ನಿಮ್ಮ ಮಗಳು