ಗಪ್ಪತಿಗೆ, ಕಡಲ ಕರು ನೋಡಿ ಬಂದ ಮೇಲೆ

ಗಪ್ಪತಿ,

ಹೋದ ಶನಿವಾರ ಸೀಲ್ ಅನ್ನುವ ಕಡಲ ಪ್ರಾಣಿ ನೋಡಲು ಹೋಗಿದ್ದೆ ಮಾರಾಯ. ವಾಟ್ಸಾಪಿನಲ್ಲಿ ನಾಲ್ಕು ಫೋಟೋ ಹಾಕಿ ಸುಮ್ಮನಿರಬಹುದಿತ್ತು. ಮನಸ್ಸಾಗಲಿಲ್ಲ. ಅದಕ್ಕೇ ಪತ್ರ, ಅದೂ ಎಲ್ಲರ ಎದುರಿಗೆ. ನಮ್ಮ ಬೆಂಚಿನವರೆಲ್ಲ ಓದಲಿ.

ಕಾರ್ಡಿಫ್‌ನಿಂದ ಪಶ್ಚಿಮಕ್ಕೆ ಎರಡೂವರೆ ಗಂಟೆ ಹೋದರೆ ವೇಲ್ಸ್‌ನ ನೆಲ ಮುಗಿಯುತ್ತದೆ. ಅಲ್ಲಿ ಮಾರ್ಟಿನ್ಸ್ ಹೇವನ್ ಅಂತ ಒಂದು ಜಾಗ. ಪೆಂಬ್ರೋಕ್‌ಶೈರ್ ಕರಾವಳಿಯುದ್ದಕ್ಕೂ 186 ಮೈಲಿಯ ಕಾಲುದಾರಿ ಇದೆ, 1970ರಲ್ಲಿ ತೆರೆದದ್ದು. ನಾನು ನಡೆದದ್ದು ಅದರಲ್ಲಿ ಎರಡೇ ಮೈಲಿ. ಆ ತುದಿಗೆ ಡಿಯರ್ ಪಾರ್ಕ್ ಅನ್ನುತ್ತಾರೆ, ಜಿಂಕೆ ಮಾತ್ರ ಒಂದೂ ಇಲ್ಲ. ಕಂದು ಬಣ್ಣಕ್ಕೆ ತಿರುಗಿದ ಜರಿಗಿಡ, ಕಿವಿ ಕಿತ್ತು ಹೋಗುವಂಥ ಗಾಳಿ, ಎದುರಿಗೆ ಸ್ಕೋಮರ್ ದ್ವೀಪ. ದಾರಿಯ ಪಕ್ಕದಲ್ಲೇ ಕಡಲಿಗಿಳಿಯುವ ಕಡಿದಾದ ಧರೆ. ನಮ್ಮೂರಿನ ಮಣ್ಣಿನ ಧರೆಯಲ್ಲ, ಕಲ್ಲಿನದು. ಎರಡು ತೆಂಗಿನಮರ ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರ ಇರಬೇಕು.

ಮೊದಲು ಕೇಳಿಸಿದ್ದು ಅಳು. ಕೂಸಿನದೇ ಅಂದುಕೊಂಡೆ. ಹುಲ್ಲಿನ ಮೇಲೆ ಹೊಟ್ಟೆ ಊರಿ ಮಲಗಿ ಇಣುಕಿದರೆ ಕೆಳಗೆ ಉರುಟು ಕಲ್ಲಿನ ಸಣ್ಣ ತೀರ. ಅಲ್ಲಲ್ಲಿ ದೊಡ್ಡ ಸೀಲುಗಳು ಬಿದ್ದುಕೊಂಡಿದ್ದವು. ಒಂದು ಹೊಟ್ಟೆ ಮೇಲೆ ಮಾಡಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿತ್ತು. ಯಾರ ನೆನಪಾಯಿತು ಅಂತ ಹೇಳಬೇಕಾ? ಶನಿವಾರ, ಮೂರನೇ ಪೀರಿಯಡ್.

ಅಳುತ್ತಿದ್ದದ್ದು ಬಿಳಿ ಮರಿ. ತುಪ್ಪಳ ಒದ್ದೆಯಾಗಿ ಹಳದಿ ಹಳದಿ. ಕಪ್ಪು ಕಣ್ಣು, ಕಣ್ಣಿನ ಕೆಳಗೆ ನೀರಿಳಿದ ಗುರುತು. ಮುಂದಿನ ಸಣ್ಣ ರೆಕ್ಕೆಯಿಂದ ಹೊಟ್ಟೆ ಕೆರೆದುಕೊಳ್ಳುತ್ತಿತ್ತು. ಆ ರೆಕ್ಕೆಗೆ ಐದು ಉಗುರು ಇವೆ ಮಾರಾಯ, ದುರ್ಬೀನಿನಲ್ಲಿ ಎಣಿಸಿದೆ. ಸುತ್ತ ಯಾರೂ ಇಲ್ಲ. ತಾಯಿ ಬಿಟ್ಟು ಹೋಗಿದೆ ಅನ್ನಿಸಿ ಹೊಟ್ಟೆ ಕಿವುಚಿತು. ಪಕ್ಕದಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ನನ್ನ ಮುಖ ನೋಡಿ ಅವರಿಗೆ ತಿಳಿಯಿತೋ ಏನೋ, ನೀರಿನ ಕಡೆ ಬೆರಳು ತೋರಿಸಿದರು. ಅಲೆಯ ನಡುವೆ ಒಂದು ತಲೆ. ಅಲುಗಾಡದೆ ಮರಿಯನ್ನೇ ನೋಡುತ್ತಿತ್ತು. ಜನ ಹತ್ತಿರ ಹೋದರೆ ತಾಯಿ ದಡಕ್ಕೆ ಬರುವುದಿಲ್ಲವಂತೆ. ಮರಿ ಹಸಿದುಕೊಂಡೇ ಇರುತ್ತದಂತೆ. ದೂರ ಇರುವುದೇ ನಾವು ಮಾಡಬಹುದಾದ ಉಪಕಾರ ಅಂದರು.

ಅರ್ಧ ಗಂಟೆಯ ಮೇಲೆ ಅವಳು ಬಂದಳು. ಮೂಗಿಗೆ ಮೂಗು ತಾಗಿಸಿ ಮೂಸಿದಳು. ವಾಸನೆಯಲ್ಲೇ ಮರಿಯ ಗುರುತು. ಆಮೇಲೆ ಮಗ್ಗುಲಾಗಿ ಮಲಗಿ ಹಾಲು ಕೊಟ್ಟಳು. ಈ ಹಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಬ್ಬು. ಹುಟ್ಟುವಾಗ ಸುಮಾರು 14 ಕಿಲೋ ಇರುವ ಮರಿ ಮೂರು ವಾರಕ್ಕೆ 40 ಕಿಲೋ ದಾಟುತ್ತದೆ. ಆ ದಿನಗಳಲ್ಲಿ ತಾಯಿ ಹೆಚ್ಚುಕಡಿಮೆ ಉಪವಾಸ. ತನ್ನ ಮೈಯನ್ನೇ ಕರಗಿಸಿ ಕೊಡುತ್ತಾಳೆ. ಮೂರು ವಾರ ಆದ ಮೇಲೆ ಕಡಲಿಗಿಳಿದು ಹೋಗಿಬಿಡುತ್ತಾಳೆ. ಮರಿ ಆ ಕೊಬ್ಬಿನ ಮೇಲೇ ಬದುಕಿಕೊಂಡು, ಬಿಳಿ ಕೂದಲು ಉದುರಿಸಿ, ಒಂದು ದಿನ ತಾನಾಗಿ ನೀರಿಗಿಳಿಯಬೇಕು.

ಸೀಲಿಗೆ ವೇಲ್ಸ್ ಭಾಷೆಯಲ್ಲಿ ಮೊರ್ಲೊ ಅನ್ನುತ್ತಾರೆ. ಕಡಲು, ಕರು, ಎರಡನ್ನೂ ಸೇರಿಸಿದ ಪದ. ಕಡಲ ಕರು. ಅದನ್ನು ಕೇಳಿದ್ದೇ ತಡ ನಿಮ್ಮ ಕೊಟ್ಟಿಗೆ ಕಣ್ಣಿಗೆ ಬಂತು. ಕರು ಹಾಕಿದ ಮರುದಿನ ನಿಮ್ಮ ಆಯಿ ಗಿಣ್ಣು ಮಾಡಿ, ನನಗೆ ಅಂತ ಮೂಲೆಯ ತುಂಡು ತೆಗೆದಿಡುತ್ತಿದ್ದರಲ್ಲ. ಏಲಕ್ಕಿ ಜಾಸ್ತಿ ಇರುವ ತುಂಡು.

ಗಪ್ಪತಿ, ಆಯಿ ಹೋಗಿ ನಾಲ್ಕು ತಿಂಗಳಾಯಿತು. ನಾನು ಹನ್ನೊಂದು ದಿನ ಬಿಟ್ಟು ಫೋನ್ ಮಾಡಿದೆ. ಮನೆ ತುಂಬ ನೆಂಟರಿರುತ್ತಾರೆ, ತೊಂದರೆ ಕೊಡಬಾರದು ಅಂತಿದ್ದೆ ಎಂದು ಆಗ ಹೇಳಿದೆ. ನೀನು ಹೌದು ಅಂದೆ. ಆ ಮಾತು ಸುಳ್ಳು. ಮೂರನೇ ರಾತ್ರಿ ನೀನು ಎರಡು ಸಲ ಫೋನ್ ಮಾಡಿದ್ದೆ. ನಾನು ಎಚ್ಚರ ಇದ್ದೆ. ಫೋನು ಕೈಯಲ್ಲೇ ಇತ್ತು. ನೀನು ಅತ್ತರೆ ಏನು ಹೇಳಲಿ ಅಂತ ಹೆದರಿ ಸುಮ್ಮನೆ ನೋಡುತ್ತಾ ಕೂತೆ. ಅದು ನಿಂತ ಮೇಲೆ ಉಸಿರು ಬಿಟ್ಟೆ. ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ.

ಆ ಸೀಲು ದೂರ ಇತ್ತು, ನಿಜ. ಆದರೆ ಅದರ ಕಣ್ಣು ಮರಿಯ ಮೇಲಿತ್ತು. ನಾನು ಫೋನನ್ನು ಮಗುಚಿ ಹಾಕಿ ಮಲಗಿದೆ.

ಇಷ್ಟೆಲ್ಲ ಬರೆಯಬೇಕು ಅಂತ ಕೂತದ್ದಲ್ಲ. ಸೀಲಿನ ಸುದ್ದಿ ಹೇಳಲು ಬಂದವನು. ಬರೆದದ್ದು ಬರೆದಾಯಿತು, ಅಳಿಸುವುದಿಲ್ಲ.

ಬರುವ ಭಾನುವಾರ ನಿನ್ನ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡುತ್ತೇನೆ. ಇಲ್ಲಿ ಆಗ ಮೂರೂವರೆ, ಪರವಾಗಿಲ್ಲ, ಎದ್ದಿರುತ್ತೇನೆ. ನೀನು ಹಾಲು ಕರೆದು ಮುಗಿಸಿರು. ಆಯಿಯ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡು.

ಡಿಸೆಂಬರ್‌ನಲ್ಲಿ ಊರಿಗೆ ಬರುತ್ತೇನೆ. ಗೌರಿ ಅಷ್ಟರೊಳಗೆ ಕರು ಹಾಕುತ್ತಾಳಾ? ಹಾಕಿದರೆ ಗಿಣ್ಣಿಗೆ ಏಲಕ್ಕಿ ಜಾಸ್ತಿ ಹಾಕು.

ನಿನ್ನ,
ಮೂಲೆ ತುಂಡಿನವ