ಅಣಬೆಯ ಬುಡ ನೋಡು

ಚಿಂಚೋಳಿ

ಪ್ರೀತಿಯ ಸಂಗು,

ನಿನ್ನ ಕಾಕಾನ ಆಶೀರ್ವಾದ. ಕಲಬುರಗಿಯಿಂದ ನೀನು ಕಳಿಸಿದ ಅಣಬೆ ಫೋಟೋಗಳನ್ನು ರಾತ್ರಿ ಕೂತು ಒಂದೊಂದಾಗಿ ನೋಡಿದೆ. ಮೃಗಶಿರಾ ಮಳೆ ಬಿದ್ದ ನಾಲ್ಕೇ ದಿನಕ್ಕೆ ಹಾಸ್ಟೆಲ್ ಹಿಂದಿನ ಹುಲ್ಲಲ್ಲಿ ಇಷ್ಟೊಂದು ಬಗೆ ಹುಡುಕಿದ್ದೀಯಲ್ಲ, ತುಂಬಾ ಖುಷಿಯಾಯಿತು. ಆದರೆ ಕೊನೆಗೆ "ಆ್ಯಪ್ ತಿನ್ನಬಹುದು ಅಂತ ತೋರಿಸ್ತಿದೆ, ಭಾನುವಾರ ಪಲ್ಯ ಮಾಡ್ತೀವಿ" ಅಂತ ಬರೆದಿದ್ದೆ. ಅದನ್ನು ಓದಿ ಎದೆ ಧಸಕ್ಕೆಂದಿತು. ಫೋನ್ ಮಾಡಿ ಬೇಡ ಅಂದೆ. ಯಾಕೆ ಅಂತ ಈಗ ಹೇಳುತ್ತೇನೆ.

ನಿನ್ನ ಫೋಟೋಗಳೆಲ್ಲ ಮೇಲಿನಿಂದ ತೆಗೆದವು. ಅದರಲ್ಲಿ ಕೊಡೆ ಮಾತ್ರ ಕಾಣುತ್ತದೆ. ಅಣಬೆಯ ಗುರುತು ಜಾಸ್ತಿ ಇರುವುದು ಕೆಳಗೆ. ಅದನ್ನು ಸೊಂಟಕ್ಕೆ ಮುರಿಯಬೇಡ. ಚಾಕುವಿನಿಂದ ಮಣ್ಣು ಸಡಿಲ ಮಾಡಿ ಬುಡಸಮೇತ ಎತ್ತು. ಬುಡಕ್ಕೆ ಒಡೆದ ಮೊಟ್ಟೆ ಸಿಪ್ಪೆಯಂಥ ಚೀಲ ಇದೆಯಾ? ದಂಟಿಗೆ ಬಳೆಯಂಥ ಪದರ ಇದೆಯಾ? ಕೊಡೆಯ ಒಳಗಿನ ಗೀರುಗಳು ಬಿಳಿಯಾ? ಮೂರೂ ಇದ್ದರೆ ಅಲ್ಲೇ ಬಿಡು. ಅದು ಅಮಾನಿಟಾ ಇರಬಹುದು. ಅಣಬೆ ತಿಂದು ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಈ ಕುಲವೇ. ಭತ್ತದ ಹುಲ್ಲಿನ ಅಣಬೆಗೂ ಬುಡದಲ್ಲಿ ಅಂಥದೇ ಚೀಲ ಇರುತ್ತದೆ. ಅದನ್ನು ಜನ ತಿನ್ನುತ್ತಾರೆ. ಮೊಗ್ಗಿನಲ್ಲಿ ಎರಡೂ ಅಕ್ಕ ತಂಗಿಯರಂತೆ ಕಾಣುತ್ತವೆ. ಅಂಥದ್ದನ್ನು ಒಂದು ಫೋಟೋ ನೋಡಿ ಆ್ಯಪ್ ಹೇಗೆ ಬೇರೆ ಮಾಡುತ್ತದೆ ಹೇಳು?

ನನಗೆ ಪೆಟ್ಟು ಬಿದ್ದೇ ಬುದ್ಧಿ ಬಂದದ್ದು. ಮದುವೆಯಾದ ಹೊಸತರಲ್ಲಿ ಹಿತ್ತಲಿನ ಹುಲ್ಲಲ್ಲಿ ತಟ್ಟೆಯಷ್ಟಗಲ ಬಿಳಿ ಅಣಬೆ ಎದ್ದಿದ್ದವು, ಮೇಲೆ ಕಂದು ಹೊಪ್ಪಳೆ. ಬೆಳ್ಳುಳ್ಳಿ ಹಾಕಿ ಕುದಿಸು, ಕಪ್ಪಾಗದಿದ್ದರೆ ವಿಷವಿಲ್ಲ ಅಂತ ಹಿರಿಯರೊಬ್ಬರು ಹೇಳಿದ್ದರು. ಕಪ್ಪಾಗಲಿಲ್ಲ. ತಿಂದೆವು. ಎರಡು ತಾಸಿಗೆ ನಿನ್ನ ಕಾಕಿಗೂ ನನಗೂ ವಾಂತಿ ಭೇದಿ. ಬೆಳಗಿನತನಕ ಸಲೈನ್ ಹಚ್ಚಿಕೊಂಡು ಮಲಗಿದ್ದೆವು. ಬೆಳ್ಳುಳ್ಳಿ, ಬೆಳ್ಳಿ ಚಮಚ ಕಪ್ಪಾದರೆ ಮಾತ್ರ ವಿಷ ಅನ್ನೋದು, ಹುಳ ತಿಂದರೆ ನಾವೂ ತಿನ್ನಬಹುದು ಅನ್ನೋದು, ಎಲ್ಲಾ ಸುಳ್ಳು.

ಆಮೇಲೆ ಅದೇ ಜಾಗದಲ್ಲಿ ಮತ್ತೆ ಎದ್ದಾಗ ಒಂದು ಕೊಡೆ ಕತ್ತರಿಸಿ, ಗೀರು ಕೆಳಗೆ ಮಾಡಿ, ಅರ್ಧ ಬಿಳಿ ಅರ್ಧ ಕಪ್ಪು ಹಾಳೆಯ ಮೇಲಿಟ್ಟೆ. ಮೇಲೆ ಒಂದು ಬಟ್ಟಲು ಬೋರಲು ಹಾಕಿದೆ. ಬೆಳಿಗ್ಗೆ ಎತ್ತಿದರೆ ಹಾಳೆಯ ಮೇಲೆ ಗಾಲಿಯ ಅರಗಳ ಹಾಗೆ ಗೆರೆ ಗೆರೆಯಾಗಿ ಹಸಿರು ಪುಡಿ! ಬೀಜದ ಜಾಗದಲ್ಲಿ ಅಣಬೆಗೆ ಇರುವುದು ಈ ಪುಡಿಯೇ. ಹಸಿರು ಪುಡಿ ಬಿಡುವ ಅದರ ಹೆಸರು ಕ್ಲೋರೊಫಿಲಂ. ನಿನ್ನ ಮೂರನೇ ಫೋಟೋದ್ದೂ ಅದೇ ಅಂತ ನನಗೆ ಅನುಮಾನ. ಇವತ್ತೇ ಹಾಳೆ ಇಟ್ಟು ನೋಡು.

ನಾವು ಉಳಿದೆವು, ಯಾಕೆಂದರೆ ಆ ವಿಷ ಬೇಗ ತೋರಿಸಿಕೊಳ್ಳುತ್ತದೆ. ಅಮಾನಿಟಾದ ಕೆಟ್ಟ ಜಾತಿಗಳು ಹಾಗಲ್ಲ. ತಿಂದು 6ರಿಂದ 12 ತಾಸು, ಕೆಲವೊಮ್ಮೆ ಇನ್ನೂ ತಡವಾಗಿ ಹೊಟ್ಟೆ ಕೆಡುತ್ತದೆ. ಮಧ್ಯೆ ಒಂದು ದಿನ ಆರಾಮ ಅನ್ನಿಸುತ್ತದೆ. ಒಳಗೆ ಲಿವರ್ ಹಾಳಾಗುತ್ತಿರುತ್ತದೆ. ಎಷ್ಟು ಕುದಿಸಿದರೂ ಆ ವಿಷ ಹೋಗುವುದಿಲ್ಲ. ಗೆಳೆಯರು ಯಾರಾದರೂ ತಿಂದಿದ್ದರೆ ವಾಂತಿ ಬರಲಿ ಅಂತ ಕಾಯಬೇಡ. ಉಳಿದ ಅಣಬೆ ಸಮೇತ ದವಾಖಾನೆಗೆ ಓಡು.

ಹೆದರಿಸುವುದಕ್ಕೆ ಬರೆಯುತ್ತಿಲ್ಲ ಮಗನೇ. ನೋಡುವುದನ್ನು ಬಿಡಬೇಡ. ನಮ್ಮ ಹೊಲದ ಬದುವಿನ ಹುತ್ತ ನೆನಪಿದೆಯಲ್ಲ, ಪಂಚಮಿಗೆ ಹಾಲೆರೆಯುವುದು? ಒಳಗೆ ಗೆದ್ದಲು ಒಕ್ಕಲುತನ ಮಾಡುತ್ತವೆ. ಎಲೆ, ಕಡ್ಡಿ ಜಗಿದು ತಂದು ಅದರ ಮೇಲೆ ಬಿಳಿ ಬೂಸು ಬೆಳೆಸಿ ತಿನ್ನುತ್ತವೆ. ಮಳೆಗಾಲದಲ್ಲಿ ಆ ಬೂಸೇ ಮಣ್ಣು ಸೀಳಿ ಅಣಬೆಯಾಗಿ ಮೇಲೆ ಬರುತ್ತದೆ. ಹೋದ ವರ್ಷ ಒಂದನ್ನು ಅಗೆದೆ. ಬೇರಿನಂಥ ದಂಟು ನನ್ನ ಮೊಣಕೈತನಕ ಕೆಳಗೆ ಇಳಿದಿತ್ತು, ತುದಿ ಗೆದ್ದಲಿನ ಗೂಡಿಗೇ ಅಂಟಿತ್ತು. ಆ ಹೊತ್ತು ನೀನು ಪಕ್ಕದಲ್ಲಿ ಇರಬೇಕಿತ್ತು ಅನ್ನಿಸಿತು.

ರಜೆಗೆ ಬಾ. ಹೊಲ ನೋಡಿಕೊಂಡು ಚಂದ್ರಂಪಳ್ಳಿ ಕಡೆ ಹೋಗೋಣ. 2011ರಿಂದ ಆ ಕಾಡು ಅಭಯಾರಣ್ಯ, ಅಲ್ಲಿ ಕೀಳುವ ಹಾಗಿಲ್ಲ, ಬಗ್ಗಿ ನೋಡಿ ಫೋಟೋ ತೆಗೆಯೋಣ. ಕಾಗದದ ಚೀಲ ತಾ. ಪ್ಲಾಸ್ಟಿಕ್‌ನಲ್ಲಿ ಅಣಬೆ ಬೆವತು ಕೊಳೆಯುತ್ತದೆ. ಹಸಿರು ಪುಡಿ ಬಿತ್ತಾ ಇಲ್ಲವಾ, ನಾಳೆ ಬೆಳಿಗ್ಗೆ ತಪ್ಪದೆ ಫೋನ್ ಮಾಡು.

ನಿನ್ನ ಕಾಕಾ