ಇನ್ನು ಮುಂದೆ ಮೊದಲು ಪರೀಕ್ಷೆ, ಆಮೇಲೆ ಕಂಪ್ಯೂಟರ್

ಪ್ರೀತಿಯ ಗ್ರಾಹಕರೇ,

ಮುಂದಿನ ತಿಂಗಳಿಂದ ನಮ್ಮ ಗ್ಯಾರೇಜಿನಲ್ಲಿ ಒಂದು ನಿಯಮ ಬದಲಾಗುತ್ತಿದೆ. ನಿಮ್ಮ ಮಿನಿವ್ಯಾನಿನ ಎಂಜಿನ್ ಕಂಪ್ಯೂಟರ್ (ಎಂಜಿನ್ನನ್ನು ನಡೆಸುವ ಎಲೆಕ್ಟ್ರಾನಿಕ್ ಡಬ್ಬಿ) ಕೆಟ್ಟಿದೆ ಅನ್ನೋ ಅನುಮಾನ ಬಂದರೆ, ಗಾಡಿಯನ್ನು ಪೂರ್ತಿ ಒಂದು ದಿನ ನಮ್ಮ ಹತ್ತಿರ ಬಿಡಬೇಕು. ಪರೀಕ್ಷೆಗೆ ಬೇರೆ ಚಾರ್ಜ್ ಇರುತ್ತದೆ. ಪರೀಕ್ಷೆ ಮುಗಿಯುವ ತನಕ ಡಬ್ಬಿ ಬದಲಿಸುವುದಿಲ್ಲ. ಬೇರೆ ಗಾಡಿಯಿಂದ ಬಿಚ್ಚಿ ತಂದ ಹಳೇ ಡಬ್ಬಿಯನ್ನೂ ಇನ್ನು ಹಾಕುವುದಿಲ್ಲ.

ಇದನ್ನು ಕೇಳಿ ಕೆಲವರಿಗೆ ಬೇಜಾರಾಗಿದೆ. "ನೀವೂ ಎಲ್ಲರ ಹಾಗೆ ಆಗಿಬಿಟ್ರಲ್ಲ" ಅಂತ ಬಹಳ ವರ್ಷದಿಂದ ಬರುತ್ತಿರುವ ಒಬ್ಬರು ಹೇಳಿದರು. ಆ ಮಾತು ಮನಸ್ಸಿಗೆ ನಾಟಿತು. ಅದಕ್ಕೇ ಈ ಪತ್ರ.

ಮೊದಲು ನಮ್ಮ ತಪ್ಪನ್ನೇ ಹೇಳುತ್ತೇವೆ. ಕೆಲವು ತಿಂಗಳ ಹಿಂದೆ ಒಂದು ವ್ಯಾನ್ ಬಂತು. ಒಂದು ಸಿಲಿಂಡರ್ ಸರಿಯಾಗಿ ಉರಿಯದೆ ಮಿಸ್ ಆಗುತ್ತಿತ್ತು, ಎಂಜಿನ್ ನಡುಗುತ್ತಿತ್ತು. ಸ್ಕ್ಯಾನರ್ ಹಾಕಿದರೆ ಪಿ0606 ಕೋಡ್. ಅಂದರೆ ಕಂಪ್ಯೂಟರಿನ ಪ್ರೊಸೆಸರ್‌ನಲ್ಲೇ ತೊಂದರೆ ಅಂತ. ಕೋಡ್ ನಂಬಿ ಹೊಸ ಡಬ್ಬಿ ಹಾಕಿ ಕಳಿಸಿದೆವು. ಮೂರು ವಾರಕ್ಕೆ ಅದೇ ಗಾಡಿ ಟೋ ಆಗಿ ವಾಪಸ್ ಬಂತು. ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಒಂದು ಇಗ್ನಿಷನ್ ಕಾಯಿಲ್ ಒಳಗೇ ಶಾರ್ಟ್ ಆಗಿತ್ತು. ಆ ಕಾಯಿಲನ್ನು ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್ ಆ ಗಾಡಿಯಲ್ಲಿ ಕಂಪ್ಯೂಟರ್ ಒಳಗೇ ಇದೆ. ಕಾಯಿಲ್ ಜಾಸ್ತಿ ಕರೆಂಟ್ ಎಳೆದು ಹಳೇ ಡಬ್ಬಿಯನ್ನು ಸುಟ್ಟಿತ್ತು, ನಾವು ಹಾಕಿದ ಹೊಸದನ್ನೂ ಸುಟ್ಟಿತು. ಮೀಟರ್ ಹಿಡಿದು ಕಾಯಿಲಿನ ರೆಸಿಸ್ಟೆನ್ಸ್ ನೋಡಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ನಾವು ನೋಡಲಿಲ್ಲ. ಎರಡನೇ ಡಬ್ಬಿಯ ಹಣ ನಾವೇ ಕೊಟ್ಟೆವು. ಆದರೆ ಎರಡು ಮಕ್ಕಳನ್ನು ಕೂರಿಸಿಕೊಂಡು ರಾತ್ರಿ ಹೊತ್ತು ರಸ್ತೆ ಬದಿಯಲ್ಲಿ ಕಾದ ಆ ತಾಯಿಗೆ ಹಣದಿಂದ ಏನು ಸಮಾಧಾನ? ಅವರಿಗೆ ಎದುರಿಗೇ ಕ್ಷಮೆ ಕೇಳಿದ್ದೇವೆ. ಇಲ್ಲೂ ಕೇಳುತ್ತೇವೆ.

ಅವತ್ತಿಂದ ನಮಗೆ ಒಂದು ವಿಷಯ ಖಾತ್ರಿಯಾಗಿದೆ. ಕಂಪ್ಯೂಟರ್ ಸುಮ್ನೆ ಸಾಯುವುದು ಕಡಿಮೆ. ಬಿಸಿ, ನೀರು, ಶಾರ್ಟ್ ಆದ ಕಾಯಿಲ್ ಅಥವಾ ಸೊಲೆನಾಯ್ಡ್ (ಕರೆಂಟ್ ಕೊಟ್ಟರೆ ಅಲುಗಾಡುವ ಕಾಯಿಲ್ ಇರುವ ಭಾಗ), ಹೀಗೆ ಏನೋ ಒಂದು ಅದನ್ನು ಕೊಂದಿರುತ್ತದೆ. ಕೊಂದಿದ್ದು ಏನು ಅಂತ ಗೊತ್ತಾಗುವ ಮೊದಲು ಹೊಸದು ಹಾಕಿದರೆ ನಿಮ್ಮ ಹಣ ನೀರಿಗೆ ಹಾಕಿದ ಹಾಗೆ.

ಎಷ್ಟೋ ಸಲ ಡಬ್ಬಿ ಚೆನ್ನಾಗಿಯೇ ಇರುತ್ತದೆ. ಹೋದ ವಾರ ಒಂದು ವ್ಯಾನ್ ಬಂದಿತ್ತು, ಬೇರೆ ಕಡೆ "ಇಸಿಎಂ ಹೋಗಿದೆ" (ಇಸಿಎಂ ಅಂದರೆ ಇದೇ ಎಂಜಿನ್ ಕಂಪ್ಯೂಟರ್) ಅಂತ ಬರೆದುಕೊಟ್ಟಿದ್ದರು. ಎಂಜಿನ್ ಓಡುತ್ತಿರುವಾಗ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಡಬ್ಬಿಯ ಗ್ರೌಂಡ್ ಪಿನ್ನಿಗೆ, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ಪಿನ್ನಿಗೆ ಇಟ್ಟೆವು. ಅಲ್ಲಿ 0.1 ವೋಲ್ಟಿಗಿಂತ ಕಡಿಮೆ ಬರಬೇಕು. ಬಂದಿದ್ದು 0.9. ಬ್ಯಾಟರಿ ಟ್ರೇ ತೆಗೆದು ನೋಡಿದರೆ ಕೆಳಗಿನ ಗ್ರೌಂಡ್ ಬೋಲ್ಟ್ ಸುತ್ತ ಬಿಳಿ ಪುಡಿ ಕಟ್ಟಿಕೊಂಡಿತ್ತು. ಉಜ್ಜಿ, ವೈರಿನ ತುದಿಗೆ ಹೊಸ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ತುದಿ) ಹಾಕಿ ಬಿಗಿ ಮಾಡಿದೆವು. ಅಷ್ಟೇ. ಎಂಜಿನ್ ಸರಿಯಾಯಿತು. ಇನ್ನು ಕೆಲವು ಗಾಡಿಗಳಲ್ಲಿ ಒಂದೇ ಒಂದು ಸೆನ್ಸರ್ ಶಾರ್ಟ್ ಆಗಿ, ಎಲ್ಲ ಸೆನ್ಸರ್‌ಗಳಿಗೂ ಹೋಗುವ 5 ವೋಲ್ಟ್ ಲೈನನ್ನೇ ಕೆಳಗೆ ಎಳೆದುಬಿಡುತ್ತದೆ. ಆಗ ಒಟ್ಟಿಗೆ ಆರೇಳು ಕೋಡ್ ಬರುತ್ತವೆ. ನೋಡಿದವರು ಕಂಪ್ಯೂಟರನ್ನೇ ಬೈಯುತ್ತಾರೆ.

ಈಗ ನಾವು ದಿನಾ ಕೇಳುವ ಮಾತಿಗೆ ಬರುತ್ತೇವೆ. "ನಾಲ್ಕು ಬೋಲ್ಟ್, ಎರಡು ಕನೆಕ್ಟರ್. ಅದಕ್ಕೆ ಇಷ್ಟು ಕೂಲಿನಾ? ಡಬ್ಬಿ ಆನ್‌ಲೈನಲ್ಲಿ ನಾವೇ ತರ್ತೀವಿ, ನೀವು ಹಾಕಿಕೊಡಿ."

ಬಿಚ್ಚಿ ಹಾಕುವುದಕ್ಕೆ ಹದಿನೈದು ನಿಮಿಷ ಸಾಕು, ಅದು ನಿಜ. ಆ ಹದಿನೈದು ನಿಮಿಷಕ್ಕೆ ನಾವು ಯಾವತ್ತೂ ಜಾಸ್ತಿ ತೆಗೆದುಕೊಂಡಿಲ್ಲ. ಕೆಲಸ ಶುರುವಾಗುವುದೇ ಅದರ ಆಮೇಲೆ. ಹೊಸ ಡಬ್ಬಿಗೆ ಅದು ಯಾವ ಗಾಡಿಯಲ್ಲಿ ಕೂತಿದೆ ಅಂತ ಗೊತ್ತಿರುವುದಿಲ್ಲ. ಅದಕ್ಕೆ ನಿಮ್ಮ ಗಾಡಿಯ ಗುರುತಿನ ನಂಬರ್ (ನಂಬರ್ ಪ್ಲೇಟಿನದಲ್ಲ, ಗಾಡಿ ಕಂಪನಿ ಕೊಟ್ಟಿದ್ದು) ಬರೆಯಬೇಕು. ನಿಮ್ಮ ಎಂಜಿನ್, ನಿಮ್ಮ ಗೇರ್‌ಬಾಕ್ಸಿಗೆ ಹೊಂದುವ ಸಾಫ್ಟ್‌ವೇರ್ ತುಂಬಬೇಕು. ಕೀಲಿಯ ಒಳಗಿರುವ ಚಿಪ್ಪಿನ ಜೊತೆ ಜೋಡಿ ಮಾಡಬೇಕು. ಆ ಜೋಡಿ ಆಗದಿದ್ದರೆ ಕೆಲವು ವ್ಯಾನ್‌ಗಳು ಸ್ಟಾರ್ಟ್ ಆಗಿ ಎರಡೇ ಸೆಕೆಂಡಿಗೆ ನಿಂತುಹೋಗುತ್ತವೆ, ಕೆಲವು ಸ್ಟಾರ್ಟರ್ ಕೂಡ ತಿರುಗಿಸುವುದಿಲ್ಲ.

ಸಾಫ್ಟ್‌ವೇರ್ ತುಂಬುವಾಗ ಬ್ಯಾಟರಿಯನ್ನು ನಂಬುವ ಹಾಗಿಲ್ಲ. ವೋಲ್ಟೇಜ್ ಅಲುಗಾಡದೆ ಹಿಡಿದಿಡುವ ಪವರ್ ಸಪ್ಲೈ ಬೇರೆಯೇ ಬೇಕು, ಮಾಮೂಲಿ ಚಾರ್ಜರ್ ಆಗುವುದಿಲ್ಲ. ಮಧ್ಯದಲ್ಲಿ ಕರೆಂಟ್ ಕುಸಿದರೆ ಹೊಸ ಡಬ್ಬಿ ಅಲ್ಲೇ ಕೆಟ್ಟುಹೋಗಬಹುದು. ಆ ನಷ್ಟ ನಮ್ಮದು, ನಿಮ್ಮದಲ್ಲ. ಆ ಹೊತ್ತಲ್ಲಿ ನಮ್ಮ ಹುಡುಗ ಗಾಡಿಯ ಬಾಗಿಲು ಕೂಡ ತೆಗೆಯುವುದಿಲ್ಲ, ಪಕ್ಕದಲ್ಲೇ ಕೂತು ಪರದೆ ನೋಡುತ್ತಿರುತ್ತಾನೆ. ಇನ್ನು ಆ ಸಾಫ್ಟ್‌ವೇರಿಗೆ ಗಾಡಿ ಕಂಪನಿಗಳಿಗೆ ಕಟ್ಟುವ ಚಂದಾ ಇದೆ. ಒಂದೊಂದು ಕಂಪನಿಯದೂ ಬೇರೆ. ತಿಂಗಳಲ್ಲಿ ಒಂದೇ ವ್ಯಾನ್ ಬಂದರೂ ಕಟ್ಟಲೇಬೇಕು. ಬಿಲ್ಲಿನಲ್ಲಿ ಕಾಣುವ "ಪ್ರೋಗ್ರಾಮಿಂಗ್" ಅನ್ನೋ ಸಾಲು ಇದೇ. ಅದು ನಮ್ಮ ಜೇಬಿಗೆ ಹೋಗುತ್ತದೆ ಅಂತ ಯಾರಾದರೂ ಅಂದುಕೊಂಡರೆ ನಿಜವಾಗಿ ನೋವಾಗುತ್ತದೆ.

ಡೆಪಾಸಿಟ್ ಬಗ್ಗೆಯೂ ಅಷ್ಟೇ. ರಿಪೇರಿ ಮಾಡಿದ ಡಬ್ಬಿ ಮಾರುವವರು ಹಳೇ ಡಬ್ಬಿ ವಾಪಸ್ ಕೈಗೆ ಸೇರುವ ತನಕ ಒಂದಷ್ಟು ಹಣ ಹಿಡಿದಿಟ್ಟುಕೊಳ್ಳುತ್ತಾರೆ. ಅದು ಬಂದ ದಿನವೇ ನಿಮಗೆ ಕೊಡುತ್ತೇವೆ. ಹಳೇ ಡಬ್ಬಿಯ ಕವರ್ ಒಡೆದಿದ್ದರೆ ಅವರು ಕೊಡುವುದಿಲ್ಲ, ಅದಕ್ಕೇ ಮನೆಯಲ್ಲಿ ಬಿಚ್ಚಿ ನೋಡಬೇಡಿ ಅಂತ ಹೇಳುವುದು.

ಹಳೇ ಡಬ್ಬಿ ಯಾಕೆ ಹಾಕುವುದಿಲ್ಲ? ಅದು ಇನ್ನೊಂದು ಗಾಡಿಯ ಕೀಲಿಗೆ ಅಂಟಿಕೊಂಡಿರುತ್ತದೆ. ಬಿಡಿಸುವುದು ಕೆಲವದರಲ್ಲಿ ಆಗುತ್ತದೆ, ಕೆಲವದರಲ್ಲಿ ಆಗುವುದಿಲ್ಲ. ಜೊತೆಗೆ ಅದೂ ನಿಮ್ಮದರಷ್ಟೇ ವರ್ಷ ಬಿಸಿ ತಿಂದಿರುತ್ತದೆ. ಒಬ್ಬರು ತಂದ ಇಂಥದೇ ಒಂದು ಡಬ್ಬಿಯನ್ನು ಅವರ ಎದುರಿಗೇ ತೆರೆದೆವು. ಮೀನಿನ ವಾಸನೆ ಬಂತು. ಬೋರ್ಡಿನ ಮೇಲಿರುವ, ಕರೆಂಟ್ ಹಿಡಿದಿಡುವ ಕೆಪಾಸಿಟರ್ ಸೋರಿದರೆ ಬರುವ ವಾಸನೆ ಅದು. ಕೆಪಾಸಿಟರಿನ ಬುಡದಲ್ಲಿ ಬೋರ್ಡ್ ಕಂದು ಬಣ್ಣಕ್ಕೆ ತಿರುಗಿತ್ತು, ಕನೆಕ್ಟರಿನ ಮೂರು ಪಿನ್ನುಗಳ ಮೇಲೆ ಹಸಿರು ಕಿಲುಬು. ಅವರೇ ಡಬ್ಬಿ ಮುಚ್ಚಿ ತೆಗೆದುಕೊಂಡು ಹೋದರು.

ಹೊಸದೇ ಬೇಕು ಅಂತಲೂ ಇಲ್ಲ. ಆದಾಗ ನಿಮ್ಮ ಡಬ್ಬಿಯನ್ನೇ ರಿಪೇರಿಗೆ ಕಳಿಸುವುದು ನಮ್ಮ ಮೊದಲ ಸಲಹೆ. ಗಾಡಿಯ ಗುರುತಿನ ನಂಬರ್, ಕೀಲಿಯ ಜೋಡಿ ಎಲ್ಲ ಅದರಲ್ಲೇ ಉಳಿಯುತ್ತದೆ, ಸಾಮಾನ್ಯವಾಗಿ ಮತ್ತೆ ಪ್ರೋಗ್ರಾಮಿಂಗ್ ಬೇಕಾಗುವುದಿಲ್ಲ. ಕೆಲವು ದಿನ ಗಾಡಿ ನಿಲ್ಲುತ್ತದೆ, ಮಕ್ಕಳನ್ನು ಶಾಲೆಗೆ ಬಿಡುವವರಿಗೆ ಅದು ಕಷ್ಟ. ಗೊತ್ತಿದೆ. ಅಂಥವರು ಮೊದಲೇ ಹೇಳಿ, ದಿನ ನೋಡಿ ಹೊಂದಿಸೋಣ.

ಡಬ್ಬಿ ಬದಲಿಸಿದರೆ ಪರೀಕ್ಷೆಯ ಹಣ ಕಳೆಯಿರಿ ಅಂತ ಕೆಲವರು ಕೇಳಿದ್ದಾರೆ. ಕಳೆಯುವುದಿಲ್ಲ. ಡಬ್ಬಿ ಚೆನ್ನಾಗಿದೆ ಅಂತ ಹೇಳಿದ ದಿನವೂ ನಮ್ಮ ಕೆಲಸಕ್ಕೆ ಬೆಲೆ ಇರಬೇಕು. ಇಲ್ಲದಿದ್ದರೆ ಡಬ್ಬಿ ಮಾರಿದರೆ ಮಾತ್ರ ಲಾಭ ಅನ್ನೋ ಹಾಗಾಗುತ್ತದೆ, ಅಲ್ವಾ? ಬದಲಿಗೆ ಪರೀಕ್ಷೆಯಲ್ಲಿ ಬಂದ ಪ್ರತಿ ಅಳತೆಯನ್ನೂ ಕಾಗದದಲ್ಲಿ ಬರೆದುಕೊಡುತ್ತೇವೆ. ಅದನ್ನು ಹಿಡಿದು ಬೇರೆಯವರ ಹತ್ತಿರ ಹೋದರೂ ನಮಗೆ ಬೇಸರವಿಲ್ಲ.

ನಮ್ಮಲ್ಲಿ ಈಗಾಗಲೇ ನಿಂತಿರುವ ಗಾಡಿಗಳಿಗೆ ಹಳೇ ನಿಯಮವೇ. ಪರೀಕ್ಷೆ ಮಾತ್ರ ಅವಕ್ಕೂ ಮಾಡುತ್ತೇವೆ, ಚಾರ್ಜ್ ಇಲ್ಲದೆ. ಹಿಂದೆ ನಮ್ಮಲ್ಲಿ ಡಬ್ಬಿ ಹಾಕಿಸಿಕೊಂಡವರು ಯಾರಿಗಾದರೂ ಅನುಮಾನ ಇದ್ದರೆ ಬನ್ನಿ, ಕಾಯಿಲ್ ಮತ್ತು ಗ್ರೌಂಡ್ ನಾವೇ ನೋಡಿಕೊಡುತ್ತೇವೆ.

ಬರುವಾಗ ಮನೆಯಲ್ಲಿರುವ ಎಲ್ಲ ಕೀಲಿಗಳನ್ನೂ ತನ್ನಿ. ಒಂದನ್ನು ಮರೆತರೆ ಅದು ಹೊಸ ಡಬ್ಬಿಗೆ ಸೇರದೆ ಉಳಿಯಬಹುದು, ಮತ್ತೆ ಬರಬೇಕಾಗುತ್ತದೆ.

ನಿಮ್ಮ ಗ್ಯಾರೇಜಿನವರು